ಮನೆ ಕಂದಾಯದ ಪ್ರೊಟೆಸ್ಟಿಗೆ ನಾನೇ ಹೋಗಿದ್ದು

ಡಲ್ಲಾಸಿನ ಉತ್ತರಕ್ಕಿರುವ ಒಂದು ಊರಲ್ಲಿ 2021ರ ಜುಲೈನಲ್ಲಿ ಮನೆ ತಗೊಂಡೆವು. ಬೆಲೆ 5,02,000 ಡಾಲರ್. ತಗೊಳ್ಳೋ ಮೊದಲು ಹಿಂದಿನ ಮಾಲೀಕರು ವರ್ಷಕ್ಕೆ ಎಷ್ಟು ತೆರಿಗೆ ಕಟ್ಟುತ್ತಿದ್ದರು ಅಂತ ನೋಡಿದ್ದೆ. 7 ಸಾವಿರ ಚಿಲ್ಲರೆ. ಅದನ್ನು ಹನ್ನೆರಡರಿಂದ ಭಾಗಿಸಿ ಸಾಲದ ಕಂತಿಗೆ ಸೇರಿಸಿಕೊಂಡು, ಸರಿ ತೂಗಿಸಬಹುದು ಅಂದುಕೊಂಡು ಸಹಿ ಹಾಕಿದೆ. ಎಡವಿದ್ದು ಅಲ್ಲೇ.

ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಅಂತ ಎಷ್ಟೋ ಜನ ಕ್ಯಾಲಿಫೋರ್ನಿಯಾ ಬಿಟ್ಟು ಇಲ್ಲಿಗೆ ಬರ್ತಾರೆ. ಉಳಿಸಿದ್ದರಲ್ಲಿ ಒಳ್ಳೇ ಪಾಲನ್ನು ಮನೆ ಕಂದಾಯ ನುಂಗುತ್ತೆ. ನನ್ನ ಬಿಲ್ಲಿನಲ್ಲಿ ಕೌಂಟಿ, ನಗರ, ಕಮ್ಯುನಿಟಿ ಕಾಲೇಜು ಎಲ್ಲಾ ಸೇರಿದರೂ ಅರ್ಧ ಆಗಲ್ಲ. ಮಿಕ್ಕಿದ್ದೆಲ್ಲ ಸ್ಕೂಲ್ ಡಿಸ್ಟ್ರಿಕ್ಟಿನದು, ಅಂದರೆ ಇಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸೋ ಸಂಸ್ಥೆಯದು. ಮೈಸೂರಿನಲ್ಲಿರೋ ಅಪ್ಪನಿಗೆ ಫೋನಿನಲ್ಲಿ ಇದನ್ನ ಹೇಳಿದಾಗ, "ಇಲ್ಲಿ ಕಂದಾಯದ ಜೊತೆ ಲೈಬ್ರರಿ ಸೆಸ್ಸು, ಭಿಕ್ಷುಕರ ಸೆಸ್ಸು ಅಂತ ಹಾಕ್ತಾರೆ ಕಣೋ. ನಿಮ್ಮಲ್ಲಿ ಮೇಷ್ಟ್ರ ಸಂಬಳಾನೂ ಮನೆ ಮೇಲೇನಾ?" ಅಂದರು. ಹೂಂ, ಮನೆ ಮೇಲೇನೇ.

ಹಿಂದಿನವರ ತೆರಿಗೆ ಅಷ್ಟು ಕಡಿಮೆ ಇದ್ದಿದ್ದಕ್ಕೆ ಕಾರಣ ಹೋಮ್‌ಸ್ಟೆಡ್ ರಿಯಾಯಿತಿ. ನೀವೇ ವಾಸ ಮಾಡೋ ಮನೆ ಅಂತ ಅರ್ಜಿ ಕೊಟ್ಟಿದ್ದರೆ, ಮಾರುಕಟ್ಟೆ ಬೆಲೆ ಎಷ್ಟೇ ಹಾರಿದರೂ ತೆರಿಗೆ ಲೆಕ್ಕಕ್ಕೆ ಹಿಡಿಯೋ ಮೌಲ್ಯ ವರ್ಷಕ್ಕೆ ನೂರಕ್ಕೆ 10ಕ್ಕಿಂತ ಹೆಚ್ಚು ಏರೋ ಹಾಗಿಲ್ಲ. ಅವರು ಎಷ್ಟೋ ವರ್ಷದಿಂದ ಆ ನೆರಳಲ್ಲಿದ್ದರು. ಮನೆ ಕೈ ಬದಲಾದ ಮರುವರ್ಷ ಆ ಮಿತಿ ಅಳಿಸಿಹೋಗಿ, ಮೌಲ್ಯ ಪೂರ್ತಿ ಮಾರುಕಟ್ಟೆ ಬೆಲೆಗೆ ಬಂದು ನಿಲ್ಲುತ್ತೆ. ಹೊಸಬನಿಗೆ ಮಿತಿ ಸಿಗೋದು ಅವನ ರಿಯಾಯಿತಿ ಶುರುವಾದ ಮುಂದಿನ ವರ್ಷದಿಂದ. ನನ್ನ ಪಾಲಿಗೆ 2022 ಆ ಮಿತಿಯ ನೆರಳಿಲ್ಲದ ವರ್ಷ.

ಏಪ್ರಿಲ್‌ನಲ್ಲಿ ತೆರಿಗೆಗಾಗಿ ಮನೆಗಳ ಬೆಲೆ ಕಟ್ಟೋ ಕಚೇರಿ, ಅಪ್ರೈಸಲ್ ಡಿಸ್ಟ್ರಿಕ್ಟಿನ ನೋಟಿಸ್ ಬಂತು. ಜನವರಿ 1ಕ್ಕೆ ನಿಮ್ಮ ಮನೆಯ ಬೆಲೆ 5,90,000. ನಮ್ಮ ಒಟ್ಟು ದರ 100 ಡಾಲರಿಗೆ 2.10ರ ಆಸುಪಾಸು. ರಿಯಾಯಿತಿ ಕಳೆದರೂ ಬಿಲ್ಲು 12 ಸಾವಿರದ ಹತ್ತಿರ, ಅಂದರೆ ತಿಂಗಳಿಗೆ 400 ಡಾಲರ್ ಹೆಚ್ಚು. ಆ ರಾತ್ರಿ ನಮ್ಮಾಕೆ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಈ ಬೆಲೆ ಒಪ್ಪಲ್ಲ ಅಂತ ತಕರಾರು, ಅಂದರೆ ಪ್ರೊಟೆಸ್ಟ್, ಹಾಕೋಕೆ ಮೇ 15 ಅಥವಾ ನೋಟಿಸ್ ಕಳಿಸಿದ 30 ದಿನ, ಇದರಲ್ಲಿ ಯಾವುದು ತಡವೋ ಅದು ಗಡುವು. ಉಳಿತಾಯದಲ್ಲಿ ಪಾಲು ತಗೊಂಡು ಮಾಡಿಕೊಡೋ ಕಂಪನಿಗಳಿವೆ. ಫಾರ್ಮ್ ಎರಡೇ ಪುಟ ಇತ್ತು, ನಾನೇ ತುಂಬಿದೆ. ಅದರಲ್ಲಿ ಕಾರಣಗಳ ಮುಂದೆ ಚೌಕಗಳಿರುತ್ತವೆ. ಎಲ್ಲರೂ 'ಮಾರುಕಟ್ಟೆ ಬೆಲೆಗಿಂತ ಹೆಚ್ಚು' ಅನ್ನೋದಕ್ಕೆ ಟಿಕ್ ಹಾಕಿ ಮುಂದೆ ಹೋಗ್ತಾರೆ. 'ಬೇರೆ ಮನೆಗಳಿಗೆ ಹೋಲಿಸಿದರೆ ಅಸಮಾನ' ಅನ್ನೋ ಇನ್ನೊಂದು ಚೌಕ ಇದೆ, ಅದಕ್ಕೂ ಟಿಕ್ ಹಾಕಿ. ಕೊನೆಗೆ ನನ್ನ ಕೈ ಹಿಡಿದಿದ್ದು ಅದೇ.

ಜೊತೆಗೆ, ಅಪ್ರೈಸಲ್ ಡಿಸ್ಟ್ರಿಕ್ಟಿನವರ ಹತ್ತಿರ ಏನೇನು ಪುರಾವೆ ಇದೆ ಕೊಡಿ ಅಂತ ಬರೆದು ಕೇಳಿ. ಹಿಯರಿಂಗಿಗೆ 14 ದಿನ ಮೊದಲು ಕೊಡಲೇಬೇಕು ಅಂತ ಕಾನೂನಿದೆ. ನನಗೆ ಬಂದ ಪ್ಯಾಕೆಟ್ಟಿನಲ್ಲಿ ಹೋಲಿಕೆಗೆ ಮೂರು ಮನೆ ಇದ್ದವು. ಒಂದಕ್ಕೆ ಈಜುಕೊಳ. ಇನ್ನೊಂದರ ಹಿತ್ತಲಿಗೆ ಹಸಿರು ಬಯಲು, ನನ್ನ ಹಿತ್ತಲಿಗೆ ಆರು ಲೇನಿನ ರಸ್ತೆ. ಮೂರನೆಯದರ ಅಡುಗೆಮನೆ ಪೂರ್ತಿ ಹೊಸದು. ಇವನ್ನೆಲ್ಲ ಕಾಗದದ ಮೇಲೆ ನೋಡಿ ಲೆಕ್ಕ ಹಾಕಿದವರನ್ನ ಬಯ್ಯೋ ಹಾಗೂ ಇಲ್ಲ. ಲಕ್ಷಾಂತರ ಮನೆ ಅಳೆಯೋರು ಒಂದೊಂದು ಹಿತ್ತಲಿಗೂ ಇಣುಕಿ ನೋಡೋಕಾಗುತ್ತಾ.

ನಾನು ಮೂರು ಭಾನುವಾರ ಕೂತು ನಮ್ಮ ಬಡಾವಣೆಯಲ್ಲೇ ಅದೇ ಬಿಲ್ಡರ್ ಕಟ್ಟಿದ, ಹೆಚ್ಚುಕಡಿಮೆ ಅಷ್ಟೇ ಅಳತೆಯ ಎಂಟು ಮನೆಗಳ ಮೌಲ್ಯ ಪಟ್ಟಿ ಮಾಡಿದೆ. ಮಾಹಿತಿ ಎಲ್ಲ ಅವರ ವೆಬ್‌ಸೈಟಿನಲ್ಲೇ ಇದೆ. ಕೊಳ, ವಯಸ್ಸು, ಅಳತೆಗೆ ಕೂಡಿ ಕಳೆದು, ಏರಿಕೆಯ ಕ್ರಮದಲ್ಲಿಟ್ಟು ನಡುವಿನ ಸಂಖ್ಯೆ ತೆಗೆದೆ. ಈ ಕಡೆ ಜೇಡಿಮಣ್ಣು, ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತೆ. ನಮ್ಮ ಅಡಿಪಾಯದಲ್ಲಿ ಬಿರುಕು ಬಿಟ್ಟಿತ್ತು. ಅದರ ಫೋಟೋ ಮತ್ತು ರಿಪೇರಿಯವನು ಬರೆದುಕೊಟ್ಟ ಅಂದಾಜು ಸೇರಿಸಿದೆ. ಮನೆ ಕೊಂಡ ಪತ್ರವನ್ನೂ ಇಟ್ಟೆ. ಟೆಕ್ಸಾಸಿನಲ್ಲಿ ಕ್ರಯದ ಬೆಲೆ ಸರ್ಕಾರಕ್ಕೆ ಹೇಳಲೇಬೇಕು ಅಂತಿಲ್ಲ. ಹಾಗಾಗಿ ನೋಟಿಸಿನ ಬೆಲೆಗಿಂತ ನೀವು ಕೊಟ್ಟಿದ್ದೇ ಹೆಚ್ಚಾಗಿದ್ದರೆ ಆ ಕಾಗದ ಬೀರುವಿನಲ್ಲೇ ಇರಲಿ.

ಮೊದಲು ಒಬ್ಬ ಅಪ್ರೈಸರ್ ಜೊತೆ ಮಾತುಕತೆ. ತುಂಬಾ ಮರ್ಯಾದಸ್ಥ. ನೀವು ಕೊಂಡ ಮೇಲೆ ಆರು ತಿಂಗಳಲ್ಲಿ ಮಾರುಕಟ್ಟೆ ಏರಿದೆ ಅಂದು 5,70,000ಕ್ಕೆ ಇಳಿಸಿದ. ಒಪ್ಪಿ ಸಹಿ ಹಾಕಿದರೆ ಅಲ್ಲಿಗೆ ಮುಗೀತು, ಮತ್ತೆ ಹೋಗೋ ಹಾಗಿಲ್ಲ. ನಾನು ಒಪ್ಪಲಿಲ್ಲ.

ಮುಂದಿನದು ರಿವ್ಯೂ ಬೋರ್ಡ್. ಮೂರು ಜನ, ಎಲ್ಲರೂ ಊರಿನ ಸಾಮಾನ್ಯ ನಾಗರಿಕರೇ, ಒಬ್ಬರು ನಿವೃತ್ತ ಟೀಚರ್. ಪ್ರಮಾಣ ಮಾಡಿಸಿದರು. ಸಿಕ್ಕಿದ್ದು ಹದಿನೈದು ನಿಮಿಷ. ನಾನು ಮೊದಲ ಐದು ನಿಮಿಷ ತೆರಿಗೆ ಎಷ್ಟು ಜಾಸ್ತಿ ಆಯ್ತು, ನಮಗೆ ಎಷ್ಟು ಕಷ್ಟ ಅಂತ ಹೇಳಿ ಹಾಳು ಮಾಡಿದೆ. ಆ ಟೀಚರಮ್ಮ ತಡೆದು, "ದರ ನಮ್ಮ ಕೈಲಿಲ್ಲ, ಬೆಲೆ ಬಗ್ಗೆ ಮಾತಾಡಿ" ಅಂದರು. ಆಮೇಲೆ ಎಂಟು ಮನೆಯ ಪಟ್ಟಿ ತೆಗೆದೆ. ಅವರು ನೋಡಿದ್ದು ಅದೊಂದನ್ನೇ. 5,38,000 ಅಂತ ತೀರ್ಮಾನ ಆಯ್ತು. ಆ ವರ್ಷ 1,100 ಡಾಲರ್ ಹತ್ತಿರ ಉಳೀತು. ಅದಕ್ಕಿಂತ ಹೆಚ್ಚಾಗಿ, ಮುಂದಿನ ವರ್ಷಗಳ 10 ಪರ್ಸೆಂಟ್ ಲೆಕ್ಕ ಶುರುವಾಗೋ ಮೆಟ್ಟಿಲೇ ಕೆಳಗೆ ಬಂತು.

ಟೀಚರಮ್ಮನ ಮಾತು ತಲೆಯಲ್ಲಿ ಕೂತಿತ್ತು. ದರ ಯಾರ ಕೈಲಿದೆ? ಆಗಸ್ಟಿನಲ್ಲಿ ಸ್ಕೂಲ್ ಬೋರ್ಡಿನ ಬಜೆಟ್ ಸಭೆಗೆ ಹೋದೆ. ಪ್ರೊಟೆಸ್ಟ್ ಆಫೀಸಿನಲ್ಲಿ ಕೂರೋಕೆ ಕುರ್ಚಿ ಇರಲಿಲ್ಲ, ಇಲ್ಲಿ ಕುರ್ಚಿ ಸಾಲುಸಾಲು ಖಾಲಿ. ದರದಲ್ಲಿ ಎರಡು ಭಾಗ ಇದೆ ಅಂತ ಅಲ್ಲೇ ತಿಳಿದಿದ್ದು. ಒಂದು ನಡೆಸೋ ಖರ್ಚಿಗೆ: ಸಂಬಳ, ಬಸ್ಸು, ಕರೆಂಟು. ಇನ್ನೊಂದು ಕಟ್ಟಡಕ್ಕೆ ತಂದ ಬಾಂಡ್ ಸಾಲ ತೀರಿಸೋಕೆ, ಅದಕ್ಕೆ ನಾವೇ ಚುನಾವಣೆಯಲ್ಲಿ ಒಪ್ಪಿಗೆ ಕೊಟ್ಟಿರ್ತೀವಿ. ನಡೆಸೋ ಖರ್ಚಿನ ಭಾಗ ರಾಜ್ಯದ ಸೂತ್ರಕ್ಕೆ ಕಟ್ಟಿಹಾಕಿದ್ದು. ನಮ್ಮ ಮನೆಗಳ ಬೆಲೆ ಏರಿ ತೆರಿಗೆ ಹೆಚ್ಚು ಬಂದರೆ ರಾಜ್ಯ ತನ್ನ ಪಾಲು ಇಳಿಸುತ್ತೆ. ಇನ್ನೂ ಮಿಕ್ಕರೆ ಬಡ ಡಿಸ್ಟ್ರಿಕ್ಟುಗಳಿಗೆ ಅಂತ ವಾಪಸ್ ತಗೊಳ್ಳುತ್ತೆ. ಇದಕ್ಕೆ ಇಲ್ಲಿಯವರು ಕರೆಯೋದು 'ರಾಬಿನ್ ಹುಡ್' ಅಂತ.

ಮೊದಲು ಕೇಳಿದಾಗ ನನಗೂ ಸಿಟ್ಟು ಬಂತು. ಆಮೇಲೆ ಟೆಕ್ಸಾಸಿನದೇ ಸ್ಯಾನ್ ಆಂಟೋನಿಯೋ ಊರಿನ ಶಾಲಾ ತೆರಿಗೆ ಕೇಸು ಓದಿದೆ. 1967-68ರಲ್ಲಿ ಅಲ್ಲಿನ ಬಡವರ ಸ್ಕೂಲ್ ಡಿಸ್ಟ್ರಿಕ್ಟ್ ಎಜ್‌ವುಡ್‌ನಲ್ಲಿ 100 ಡಾಲರಿಗೆ 1.05 ತೆರಿಗೆ ಹಾಕಿದರೂ ಒಂದು ಮಗುವಿಗೆ ಸ್ಥಳೀಯವಾಗಿ ಹುಟ್ಟುತ್ತಿದ್ದದ್ದು 26 ಡಾಲರ್. ಅಲ್ಲೇ ಹತ್ತಿರದ ಶ್ರೀಮಂತರ ಅಲಾಮೋ ಹೈಟ್ಸ್‌ನಲ್ಲಿ ಬರೀ 0.85 ಹಾಕಿ 333. ಇದು ಅನ್ಯಾಯ ಅಂತ ಕೇಸು ಹಾಕಿದ್ದ ಡೆಮೆಟ್ರಿಯೋ ರೊಡ್ರಿಗಸ್ ಮತ್ತು ಉಳಿದ ಪೋಷಕರು 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 5-4ರಿಂದ ಸೋತರು. 1989ರಲ್ಲಿ ಟೆಕ್ಸಾಸಿನ ಸುಪ್ರೀಂ ಕೋರ್ಟು ಈ ಪದ್ಧತಿ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಅಂತ ಒಮ್ಮತದಿಂದ ಹೇಳಿತು. 1993ರಲ್ಲಿ ಈ ವಾಪಸಾತಿ ಕಾನೂನು ಬಂತು. ಸಿಟ್ಟು ಪೂರ್ತಿ ಹೋಗಿಲ್ಲ, ಆದರೆ ದನಿ ತಗ್ಗಿದೆ.

ಶಾಲೆಗಳಿಗಾಗಿ ಹಾಕೋ ತೆರಿಗೆಯಲ್ಲಿ ಮನೆಯ ಮೌಲ್ಯದಿಂದ ಕಳೆಯೋ ಹೋಮ್‌ಸ್ಟೆಡ್ ರಿಯಾಯಿತಿ ಆಗ 40,000 ಡಾಲರ್ ಇತ್ತು. 2023ರಲ್ಲಿ 1,00,000, 2025ರಲ್ಲಿ 1,40,000 ಆಯ್ತು. ನನ್ನ ಪ್ರೊಟೆಸ್ಟಿಗಿಂತ ಇದರಿಂದಲೇ ಹೆಚ್ಚು ಇಳಿದಿದೆ, ಒಪ್ಪಿಕೊಳ್ಳಬೇಕು.

ಆ ಸಭೆಯಲ್ಲಿ ಇನ್ನೊಂದು ವಿಷಯ ಕಿವಿಗೆ ಬಿತ್ತು. ಸೂತ್ರದಲ್ಲಿ ಮಕ್ಕಳ ಲೆಕ್ಕ ಹಿಡಿಯೋದು ದಾಖಲಾತಿಯಿಂದಲ್ಲವಂತೆ, ಹಾಜರಾತಿಯಿಂದ. ಆಗ ಒಬ್ಬ ವಿದ್ಯಾರ್ಥಿಗೆ ಮೂಲ ಮೊತ್ತ ವರ್ಷಕ್ಕೆ 6,160 ಡಾಲರ್, ದಿನಕ್ಕೆ ಸುಮಾರು 35. ಹಿಂದಿನ ಡಿಸೆಂಬರ್‌ನಲ್ಲಿ ಟಿಕೆಟ್ ಅಗ್ಗ ಅಂತ ರಜೆಗೆ ಮೊದಲೇ ಹೊರಟು, ಮುಗಿದ ಮೇಲೂ ಒಂದಿಷ್ಟು ದಿನ ಮೈಸೂರಿನಲ್ಲೇ ಇದ್ದೆವು. ಇಬ್ಬರು ಮಕ್ಕಳು, ಹತ್ತು ಹತ್ತು ದಿನ ಗೈರು, ಶಾಲೆಗೆ ತಪ್ಪಿದ್ದು ಒಟ್ಟು 700 ಡಾಲರ್. ಪ್ರೊಟೆಸ್ಟಿನಲ್ಲಿ ಸ್ಕೂಲ್ ಡಿಸ್ಟ್ರಿಕ್ಟಿನ ಬಾಬ್ತಿನಲ್ಲಿ ಉಳಿಸಿದ್ದು 650.

ಈಗ ರಜೆ ಶುರುವಾದ ಮೇಲೇ ಊರಿಗೆ ಹೊರಡೋದು. ಟಿಕೆಟ್ ದುಬಾರಿ, ತೆರಿಗೆಯಲ್ಲಿ ಉಳಿಸಿದ್ದು ಅಲ್ಲಿಗೆ ಹೋಗುತ್ತೆ.