ಸಂಜೆಗೆ ಮಡಚಿಕೊಳ್ಳುವ ಬೆಳಕಿನ ಎಲೆ: ಚಲಿಸುವ ದೀಪಕಲಾಕೃತಿಯೊಂದನ್ನು ಕಟ್ಟುವ ಕ್ರಮ

ಹುಬ್ಬಳ್ಳಿ-ಧಾರವಾಡದ ಯಾವುದಾದರೂ ಹುಣಸೆ ಮರದ ಕೆಳಗೆ ಹೊತ್ತು ಮುಳುಗುವ ವೇಳೆಗೆ ಅರ್ಧ ತಾಸು ನಿಂತು ನೋಡಿದರೆ, ಹಗಲೆಲ್ಲ ಅಗಲವಾಗಿ ಹರಡಿಕೊಂಡಿದ್ದ ಕಿರುಎಲೆಗಳು ಜೋಡಿಜೋಡಿಯಾಗಿ ಮುಚ್ಚಿಕೊಳ್ಳುವುದು ಕಾಣುತ್ತದೆ. ಮಳೆಮರ ಮತ್ತು ಮುಟ್ಟಿದರೆಮುನಿಯ ಎಲೆಗಳೂ ರಾತ್ರಿ ಹೀಗೆಯೇ ಮಡಚಿಕೊಳ್ಳುತ್ತವೆ. ಎಲೆಯ ಬುಡದಲ್ಲಿರುವ ಸಣ್ಣ ಉಬ್ಬಿನ ಒಂದು ಬದಿಯ ಜೀವಕೋಶಗಳಿಂದ ಪೊಟ್ಯಾಸಿಯಂ ಅಯಾನುಗಳು ಹೊರಗೆ ಹೋದಾಗ ಅವುಗಳ ಹಿಂದೆ ನೀರೂ ಹೋಗುತ್ತದೆ. ಆ ಬದಿ ಕುಗ್ಗಿ, ಎದುರು ಬದಿ ಹಿಗ್ಗಿ, ಎಲೆ ಬಾಗುತ್ತದೆ. ಸ್ನಾಯುವಿಲ್ಲದೆ, ಸದ್ದಿಲ್ಲದೆ ನಡೆಯುವ ಈ ಚಲನೆಯನ್ನು ಬಿದಿರು, ಖಾದಿ, ಒಂದು ಮೋಟಾರು ಮತ್ತು ಒಂದು ದೀಪದ ಪಟ್ಟಿಯಿಂದ ಮರಳಿ ಕಟ್ಟುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಬೆಳಕನ್ನು ಚಲನೆಯೊಂದಿಗೆ ಬೆಸೆಯುವ ಕಲೆ ಹೊಸದೇನಲ್ಲ. ಹಂಗೇರಿಯ ಕಲಾವಿದ ಮೊಹೊಲಿ-ನಾಗಿ ತಿರುಗುವ ಲೋಹದ ತಗಡುಗಳ ಮೇಲೆ ದೀಪ ಹಾಯಿಸಿ ಗೋಡೆಯ ಮೇಲೆ ನೆರಳು ಓಡಾಡಿಸುವ ಯಂತ್ರವನ್ನು 1930ರಲ್ಲೇ ಪ್ರದರ್ಶಿಸಿದ್ದರು. ನೆದರ್ಲೆಂಡ್ಸಿನ ಡ್ರಿಫ್ಟ್ ಎಂಬ ಕಲಾವಿದರ ತಂಡವು ರಾತ್ರಿ ಮುಚ್ಚಿಕೊಳ್ಳುವ ಹೂಗಳನ್ನು ನೋಡಿ, ಮೇಲಿನಿಂದ ಇಳಿಯುತ್ತ ಅರಳುವ ರೇಷ್ಮೆಯ ದೀಪಗಳನ್ನು ಮಾಡಿದೆ. ನಮ್ಮ ಭಾಗದಲ್ಲಿ ಈ ಕೆಲಸಕ್ಕೆ ಕೈ ಹಾಕುವವರು ಸಾಮಾನ್ಯವಾಗಿ ಆಕಾರದಿಂದ ಶುರು ಮಾಡುತ್ತಾರೆ: ಗದಗ ಜಿಲ್ಲೆಯ ಗುಡ್ಡಗಳ ಮೇಲಿನ ಗಾಳಿಯಂತ್ರದ ರೆಕ್ಕೆ, ಚಳಿಗಾಲದಲ್ಲಿ ಮಾಗಡಿ ಕೆರೆಗೆ ಬರುವ ಹೆಬ್ಬಾತಿನ ಕತ್ತು. ಆಕಾರ ಹೋಲಿದರೂ ಚಲನೆ ಹುಸಿಯಾದರೆ ಕೃತಿ ಜಾತ್ರೆಯ ಅಲಂಕಾರವಾಗಿಯೇ ಉಳಿಯುತ್ತದೆ. ಆದ್ದರಿಂದ ಮೊದಲು ಗಮನಿಸಬೇಕಾದದ್ದು ಚಲನೆ ಏಕೆ ಆಗುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ, ಎಲ್ಲಿ ನಿಧಾನವಾಗುತ್ತದೆ ಎಂಬುದನ್ನು. ಕೆಳಗಿನ ಪ್ರತಿಯೊಂದು ತೀರ್ಮಾನವೂ ಈ ಗಮನದಿಂದಲೇ ಹುಟ್ಟಿದೆ.

ಎಲೆಯ ಬೆನ್ನೆಲುಬಿಗೆ 60 ಸೆಂಟಿಮೀಟರ್ ಉದ್ದದ, ಚೆನ್ನಾಗಿ ಒಣಗಿದ ಬಿದಿರಿನ ಸೀಳು ಬೇಕು. ಬುಟ್ಟಿ ಹೆಣೆಯುವ ಮೇದಾರರಿಗೆ ಉದ್ದೇಶ ಹೇಳಿದರೆ ಗಂಟಿಲ್ಲದ, ನೇರವಾದ ಸೀಳನ್ನೇ ಆರಿಸಿ ಕೊಡುತ್ತಾರೆ. ಅದೇ ಬಿದಿರಿನಿಂದ ಅತಿ ತೆಳುವಾದ ಕಡ್ಡಿಗಳನ್ನು ಸೀಳಿಸಿಕೊಂಡು, 15 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ 16 ಕಿರುಎಲೆಗಳ ಚೌಕಟ್ಟನ್ನು ಮಾಡಿಕೊಳ್ಳಬೇಕು. ಹೊದಿಕೆಗೆ ತೆಳು ಖಾದಿಯಷ್ಟು ಒಳ್ಳೆಯ ಬಟ್ಟೆ ನನಗೆ ಇನ್ನೊಂದು ಗೊತ್ತಿಲ್ಲ. ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿ ಹುಬ್ಬಳ್ಳಿಯಲ್ಲೇ ಇರುವುದರಿಂದ ಖಾದಿಗಾಗಿ ನಾವು ದೂರ ಹೋಗಬೇಕಿಲ್ಲ. ಕೈನೂಲಿನ ಎಳೆ ಒಂದೇ ದಪ್ಪ ಇರುವುದಿಲ್ಲ. ಹಿಂದಿನಿಂದ ಬೆಳಕು ಬಿದ್ದಾಗ ಈ ಏರಿಳಿತಗಳು ಎಲೆಯ ನರಗಳಂತೆ ಎದ್ದು ಕಾಣುತ್ತವೆ. ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿಕೊಳ್ಳಬೇಕು, ಇಲ್ಲವಾದರೆ ಅಂಟಿಸಿದ ಮೇಲೆ ಕುಗ್ಗಿ ಚೌಕಟ್ಟನ್ನು ಸೊಟ್ಟ ಮಾಡುತ್ತದೆ. ಗಂಜಿ ಹಾಕಿ ಬಿಗಿ ಮಾಡುವುದು ನೋಡಲು ಚೆಂದವಾದರೂ ಧಾರವಾಡದ ಮಳೆಗಾಲದ ತೇವಕ್ಕೆ ಅದು ಸಡಿಲುತ್ತದೆ ಮತ್ತು ಹುಳುಗಳನ್ನು ಕರೆಯುತ್ತದೆ. ನೀರು ಬೆರೆಸಿ ತೆಳುವಾಗಿಸಿದ ಬಿಳಿ ಮರದ ಅಂಟನ್ನು ಕುಂಚದಿಂದ ಹಚ್ಚುವುದು ಲೇಸು. ಸಿದ್ಧವಾದ ಕಿರುಎಲೆ 8 ಗ್ರಾಂ ಮೀರಬಾರದು; ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ, ಹೆಚ್ಚುಕಡಿಮೆ ಇದ್ದವನ್ನು ಬದಲಿಸಿ.

ಕಿರುಎಲೆಗಳನ್ನು ಬೆನ್ನೆಲುಬಿನ ಎರಡೂ ಬದಿಗೆ ಎಂಟೆಂಟರಂತೆ ಜೋಡಿಸುವಾಗ ಲೋಹದ ಕೀಲು ಬಳಸಬೇಡಿ. ಅದು ಕಿರುಗುಟ್ಟುತ್ತದೆ, ತೂಕವೂ ಹೆಚ್ಚು. ಖಾದಿಯ 2 ಸೆಂಟಿಮೀಟರ್ ಪಟ್ಟಿಯನ್ನೇ ಅರ್ಧ ಎಲೆಗೆ, ಅರ್ಧ ಬಿದಿರಿಗೆ ಅಂಟಿಸಿ, ಮಡಿಕೆಯ ಗೆರೆಗೆ ಅಂಟು ತಾಗದಂತೆ ನೋಡಿಕೊಂಡರೆ ಸದ್ದಿಲ್ಲದ ಕೀಲು ಸಿದ್ಧವಾಗುತ್ತದೆ. ಈಗ ಎಲೆಗಳು ತಮ್ಮ ತೂಕಕ್ಕೆ ಕೆಳಗೆ ಜೋತು ಎದುರುಬದುರು ಮುಖಮಾಡಿ ನಿಲ್ಲುತ್ತವೆ. ಇದೇ ಮುಚ್ಚಿದ ಸ್ಥಿತಿ. ತೆರೆಯಲು ಬಲ ಬೇಕು, ಮುಚ್ಚಲು ಬೇಡ; ಕರೆಂಟು ಹೋದರೆ ಎಲೆಗಳು ಇಳಿದು ಜೋಲುತ್ತವೆಯೇ ಹೊರತು ಏನೂ ಮುರಿಯುವುದಿಲ್ಲ.

ಎಳೆಯುವ ದಾರದ ಲೆಕ್ಕ ಈ ಕೃತಿಯ ಜೀವ, ಆದ್ದರಿಂದ ಇದನ್ನು ನಿಧಾನವಾಗಿ ಓದಿ. ಬೆನ್ನೆಲುಬಿನ ಮೇಲೆ 5 ಸೆಂಟಿಮೀಟರ್ ಎತ್ತರದಲ್ಲಿ ಇನ್ನೊಂದು ಸೀಳನ್ನು ಸಮಾನಾಂತರವಾಗಿ ಕಟ್ಟಿ, ಪ್ರತಿ ಜೋಡಿಯ ನೇರಕ್ಕೆ ಒಂದು ಸಣ್ಣ ಹಿತ್ತಾಳೆಯ ಬಳೆ ಸಿಕ್ಕಿಸಬೇಕು. ಪ್ರತಿ ಎಲೆಯಲ್ಲಿ ಕೀಲಿನಿಂದ 5 ಸೆಂಟಿಮೀಟರ್ ಆಚೆ ಕಟ್ಟಿದ ದಾರ ಈ ಬಳೆಯೊಳಗೆ ಹಾಯ್ದು, ಮೇಲಿನ ಸೀಳಿನುದ್ದಕ್ಕೂ ಸಾಗುವ ಮುಖ್ಯ ದಾರಕ್ಕೆ ಸೇರುತ್ತದೆ. ಎಲೆ ಜೋತಾಗ ದಾರ ಕಟ್ಟಿದ ಬಿಂದುವಿಗೂ ಬಳೆಗೂ 10 ಸೆಂಟಿಮೀಟರ್ ಅಂತರ. ಎಲೆ ಅಡ್ಡಕ್ಕೆ ನಿಂತಾಗ ಸುಮಾರು 7. ಅಂದರೆ ಮುಖ್ಯ ದಾರ 3 ಸೆಂಟಿಮೀಟರ್ ಚಲಿಸಿದರೆ ಹದಿನಾರೂ ಎಲೆಗಳು ಪೂರ್ತಿ ತೆರೆಯುತ್ತವೆ. ಅಡ್ಡಕ್ಕೆ ನಿಂತ 8 ಗ್ರಾಂ ಎಲೆಯನ್ನು ಹಿಡಿಯಲು ಪ್ರತಿ ದಾರಕ್ಕೆ ಬೇಕಾದ ಎಳೆತ ಸುಮಾರು 17 ಗ್ರಾಂ, ಎಲ್ಲ ಸೇರಿ ಕಾಲು ಕಿಲೋದ ಸುತ್ತಮುತ್ತ. ಬಳೆಗಳ ಘರ್ಷಣೆಗೆಂದು ಇದನ್ನು ಮೂರು ಪಟ್ಟು ಎಂದೇ ಹಿಡಿಯಿರಿ. ಎಲೆ ನೇರ ಜೋತಾಗ ದಾರದಲ್ಲಿ ಬಿಗಿ ಉಳಿಯುವುದಿಲ್ಲವಾದ್ದರಿಂದ, ಮುಖ್ಯ ದಾರದ ಇನ್ನೊಂದು ತುದಿಯನ್ನು ಸಣ್ಣ ರಾಟೆಯ ಮೇಲೆ ಹಾಯಿಸಿ 50 ಗ್ರಾಂ ತೂಕ ತೂಗುಬಿಡಬೇಕು. ಒಂಟಿ ಎಳೆಯ ನೈಲಾನ್ ದಾರ ದಿನ ಕಳೆದಂತೆ ಹಿಗ್ಗುತ್ತದೆ. ಮೀನು ಹಿಡಿಯಲು ಬಳಸುವ ಹೆಣೆದ ದಾರ ಇದಕ್ಕೆ ಸರಿ.

ಮೋಟಾರು ಆರಿಸುವಾಗ ಅಗ್ಗದ ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಸಣ್ಣ ಮೋಟಾರು) ಕಡೆಗೆ ಮನಸ್ಸು ಹೋಗುವುದು ಸಹಜ. ಆದರೆ ಹುಣಸೆಯ ಎಲೆಯಂತೆ ನಿಧಾನವಾಗಿ, 20 ನಿಮಿಷದಲ್ಲಿ ಮುಚ್ಚಬೇಕೆಂದರೆ ಸರ್ವೋ ಸೋಲುತ್ತದೆ. ಇಷ್ಟು ಚಲನೆಗೆ ಅದು ಇಡಬಲ್ಲ ಹೆಜ್ಜೆಗಳು ನೂರಿಪ್ಪತ್ತರಷ್ಟು. ಹತ್ತು ಸೆಕೆಂಡಿಗೊಮ್ಮೆ ಎಲೆಯ ತುದಿ 2 ಮಿಲಿಮೀಟರ್ ಜಿಗಿಯುತ್ತದೆ, ಪ್ರತಿ ಜಿಗಿತಕ್ಕೂ ಗುರ್ ಎಂಬ ಸದ್ದು. ಆದ್ದರಿಂದ ಹೆಜ್ಜೆ ಹೆಜ್ಜೆಯಾಗಿ ತಿರುಗುವ, ನೆಮಾ 17 ಅಳತೆಯ ಸ್ಟೆಪ್ಪರ್ ಮೋಟಾರನ್ನು, ಅದಕ್ಕೆ ವಿದ್ಯುತ್ ಅಳೆದು ಕೊಡುವ ಟಿಎಂಸಿ2209 ಡ್ರೈವರ್ ಬಿಲ್ಲೆಯೊಂದಿಗೆ ಬಳಸಿ. ಒಂದು ಸುತ್ತಿಗೆ 200 ಹೆಜ್ಜೆ, ಪ್ರತಿ ಹೆಜ್ಜೆ 16 ಭಾಗ, ಒಟ್ಟು 3200. ಮೋಟಾರಿನ ಅಚ್ಚಿಗೆ 2 ಸೆಂಟಿಮೀಟರ್ ವ್ಯಾಸದ ಮರದ ಉರುಳೆ ಹಾಕಿದರೆ 3 ಸೆಂಟಿಮೀಟರ್ ದಾರಕ್ಕೆ ಅರ್ಧ ಸುತ್ತು ಸಾಕು, ಅಂದರೆ 1500ಕ್ಕೂ ಹೆಚ್ಚು ಹೆಜ್ಜೆಗಳು. ಒಂದೊಂದು ಹೆಜ್ಜೆಗೆ ತುದಿ ಸರಿಯುವುದು ಕಣ್ಣಿಗೆ ಕಾಣದಷ್ಟು ಕಡಿಮೆ. ಮೋಟಾರನ್ನು ನೇರವಾಗಿ ಹಲಗೆಗೆ ಬಿಗಿಯದೆ ನಡುವೆ ರಬ್ಬರಿನ ಹಾಳೆ ಇಡಿ. ಹಲಗೆ ತಬಲಾದಂತೆ ಸದ್ದನ್ನು ದೊಡ್ಡದು ಮಾಡುತ್ತದೆ. ವಿದ್ಯುತ್ ಹರಿಯುತ್ತಿರುವಾಗ ಮೋಟಾರಿನ ತಂತಿಯನ್ನು ಎಂದೂ ಕೀಳಬೇಡಿ, ಡ್ರೈವರ್ ಆ ಕ್ಷಣವೇ ಸುಟ್ಟುಹೋಗಬಹುದು. ಮುಖ್ಯ ದಾರಕ್ಕೆ ಒಂದು ಮಣಿ ಪೋಣಿಸಿ, ಎಲೆ ಪೂರ್ತಿ ಮುಚ್ಚಿದಾಗ ಅದು ಸಣ್ಣ ಸ್ವಿಚ್ಚೊಂದನ್ನು ಒತ್ತುವಂತೆ ಮಾಡಿದರೆ, ಕರೆಂಟು ಹೋಗಿ ಬಂದ ಮೇಲೆ ಮೋಟಾರಿಗೆ ತಾನೆಲ್ಲಿದ್ದೇನೆ ಎಂಬ ಲೆಕ್ಕ ಮತ್ತೆ ಸಿಗುತ್ತದೆ.

ಬೆಳಕಿಗೆ ಬಣ್ಣ ಬದಲಿಸುವ ಪಟ್ಟಿ ಬೇಡ ಎಂಬುದು ನನ್ನ ದೃಢ ಅಭಿಪ್ರಾಯ. ಬಣ್ಣಗಳ ಓಡಾಟ ಶುರುವಾದ ಕೂಡಲೇ ನೋಡುವವರ ಕಣ್ಣು ಎಲೆಯನ್ನು ಬಿಡುತ್ತದೆ. ಮೇಲಾಗಿ ಅಂತಹ ಪಟ್ಟಿಗಳಲ್ಲಿ ಬೆಳಕಿಗೆ 256 ಮಟ್ಟಗಳಷ್ಟೇ ಇರುವುದರಿಂದ ಕತ್ತಲಿನಿಂದ ಏಳುವ ಮೊದಲ ಮಟ್ಟಗಳು ಮೆಟ್ಟಿಲಿನಂತೆ ಕಾಣುತ್ತವೆ. 12 ವೋಲ್ಟಿನ, 2700 ಕೆಲ್ವಿನ್ ಹಳದಿ-ಬಿಳಿ ಎಲ್‌ಇಡಿ ಪಟ್ಟಿಯನ್ನು ಅಲ್ಯೂಮಿನಿಯಂ ಚಾನೆಲ್ಲಿನಲ್ಲಿ ಕೂರಿಸಿ, ಮುಖ ಕೆಳಗಿರುವಂತೆ ಬೆನ್ನೆಲುಬಿಗೆ ಕಟ್ಟಿ. ಇಡೀ ಕೃತಿಯನ್ನು ನಡೆಸುವ ಪುಟ್ಟ ಕಂಪ್ಯೂಟರ್ ಬಿಲ್ಲೆಯಾದ ಆರ್ಡುಯಿನೊ ನ್ಯಾನೋದ 9ನೇ ಪಿನ್ನಿನಿಂದ ಲಾಜಿಕ್ ಮಟ್ಟದ ಮಾಸ್ಫೆಟ್ (ಪಿನ್ನಿನ ಸಣ್ಣ ವೋಲ್ಟೇಜಿಗೇ ತೆರೆಯುವ ಎಲೆಕ್ಟ್ರಾನಿಕ್ ಸ್ವಿಚ್ಚು) ಒಂದರ ಮೂಲಕ ಇದನ್ನು ನಡೆಸಿ, ದೀಪ ಉರಿಯುವ ಮತ್ತು ಆರುವ ಹೊತ್ತನ್ನು ಎಣಿಸುವ ಆ ಪಿನ್ನಿನ ಟೈಮರನ್ನು 16 ಬಿಟ್‌ಗೆ ಹೊಂದಿಸಿದರೆ 65,536 ಮಟ್ಟಗಳು ದೊರೆಯುತ್ತವೆ. ಕಣ್ಣು ಮಂದ ಬೆಳಕಿನ ವ್ಯತ್ಯಾಸವನ್ನು ಬೇಗ ಹಿಡಿಯುವುದರಿಂದ ಸಮಪ್ರಮಾಣದಲ್ಲಿ ಏರಿಸಬೇಡಿ. ಒಟ್ಟು ಸಮಯದಲ್ಲಿ ಕಳೆದ ಭಾಗವನ್ನು (0ಯಿಂದ 1ರವರೆಗೆ) 2.2ರ ಘಾತಕ್ಕೆ ಏರಿಸಿ, ಬಂದ ಸಂಖ್ಯೆಯ ಪ್ರಮಾಣದಲ್ಲಿ ಬೆಳಕು ಕೊಡಿ. ಎಲೆ ತೆರೆದಿರುವ ಹಗಲಿನಲ್ಲಿ ದೀಪ ಆರಿರುತ್ತದೆ. ಸಂಜೆ ಎಲೆಗಳು ಇಳಿಯುತ್ತ ಬಂದಂತೆ ದೀಪ ಏರುತ್ತದೆ, ಕೊನೆಗೆ ಖಾದಿಯ ಎರಡು ಸಾಲುಗಳ ನಡುವೆ ಬೆಳಕು ಸೆರೆಯಾಗಿ ಇಡೀ ಎಲೆಯೇ ಕಂದೀಲಾಗುತ್ತದೆ.

ಇದೆಲ್ಲ ಯಾವಾಗ ನಡೆಯಬೇಕು ಎಂಬ ಪ್ರಶ್ನೆಗೂ ಗಿಡವೇ ಉತ್ತರ ಕೊಟ್ಟಿದೆ. 1729ರಲ್ಲಿ ಫ್ರಾನ್ಸಿನ ವಿಜ್ಞಾನಿ ದ ಮೆರಾನ್ ಮುಟ್ಟಿದರೆಮುನಿಯಂಥ ಗಿಡವೊಂದನ್ನು ಕತ್ತಲಲ್ಲಿಟ್ಟರೂ ಅದರ ಎಲೆಗಳು ಹಗಲು ತೆರೆದು ರಾತ್ರಿ ಮುಚ್ಚುತ್ತಲೇ ಇದ್ದುದನ್ನು ಕಂಡರು. ಗಿಡದೊಳಗೇ ಒಂದು ಗಡಿಯಾರ ಇದೆ. ಹೊರಗಿನ ಬೆಳಕು ಅದನ್ನು ದಿನವೂ ತಿದ್ದುತ್ತದೆ. ನಮ್ಮ ಎಲೆಗೂ ಇದೇ ಏರ್ಪಾಡು ಬೇಕು. ಬರೀ ಬೆಳಕಿನ ಸಂವೇದಕವನ್ನು ನಂಬಿದರೆ ಆಷಾಢದ ಮೋಡಕ್ಕೆ ಮಧ್ಯಾಹ್ನವೇ ಎಲೆ ಮುಚ್ಚುತ್ತದೆ, ವಾಹನದ ಹೆಡ್‌ಲೈಟಿಗೆ ರಾತ್ರಿ ತೆರೆಯುತ್ತದೆ. ಡಿಎಸ್3231 ಗಡಿಯಾರದ ಬಿಲ್ಲೆಯನ್ನು ಜೋಡಿಸಿ, ತಿಂಗಳಿಗೊಂದರಂತೆ ಸೂರ್ಯಾಸ್ತದ ವೇಳೆಯನ್ನು ಪ್ರೋಗ್ರಾಮಿನಲ್ಲಿ ಬರೆಯಿರಿ. ಹುಬ್ಬಳ್ಳಿಯಲ್ಲಿ ಅದು ಡಿಸೆಂಬರಿನಲ್ಲಿ ಸುಮಾರು 6 ಗಂಟೆ, ಜೂನ್ ಕೊನೆಗೆ 7 ದಾಟುತ್ತದೆ. ಸಂವೇದಕದ ಹತ್ತು ನಿಮಿಷದ ಸರಾಸರಿ ಮಾತ್ರ ಈ ವೇಳೆಯನ್ನು ಹೆಚ್ಚೆಂದರೆ ಕಾಲು ತಾಸು ಹಿಂದೆ ಮುಂದೆ ಸರಿಸಲಿ. ಸಂವೇದಕದ ಮುಖ ಕಿಟಕಿಯ ಹೊರಕ್ಕಿರಬೇಕು, ಎಲೆಯ ಸ್ವಂತ ಬೆಳಕು ಅದಕ್ಕೆ ತಾಗಬಾರದು. ಚಲನೆಯ ಆರಂಭ ಮತ್ತು ಅಂತ್ಯ ಮೆತ್ತಗಿರಲು ಕೊಸೈನ್ ವಕ್ರರೇಖೆಯನ್ನು ಬಳಸಿ.

ಹದಿನಾರು ಕಿರುಎಲೆಗಳ ಇಂಥ ಒಂದು ಇಡೀ ಎಲೆ ಸರಿಯಾಗಿ ನಡೆದ ಮೇಲೆ ಐದಾರನ್ನು ಬೇರೆ ಬೇರೆ ಎತ್ತರದಲ್ಲಿ ತೂಗುಹಾಕಬಹುದು. ಆಗ ಎಲ್ಲವೂ ಒಟ್ಟಿಗೆ ಮುಚ್ಚುವಂತೆ ಮಾಡುವ ಆಸೆಯನ್ನು ತಡೆದುಕೊಳ್ಳಿ, ಮರದಲ್ಲಿ ಹಾಗಾಗುವುದಿಲ್ಲ. ಪ್ರತಿ ಎಲೆಯ ಆರಂಭಕ್ಕೆ ಎರಡು ಮೂರು ನಿಮಿಷದ ಅಂತರ ಕೊಟ್ಟರೆ ಕಣ್ಣು ಒಂದರಿಂದ ಇನ್ನೊಂದಕ್ಕೆ ತಾನಾಗಿ ಸಾಗುತ್ತದೆ.

ಇದು ಮೂಲತಃ ಗಾಳಿಯಿಲ್ಲದ ಒಳಾಂಗಣದ ಕೃತಿ. ಶಾಲೆಯ ಪಡಸಾಲೆ, ಗ್ರಂಥಾಲಯದ ಮೆಟ್ಟಿಲುಗಳ ನಡುವಿನ ತೆರೆದ ಜಾಗ ಇದಕ್ಕೆ ಹೊಂದುತ್ತವೆ. ಉಣಕಲ್ ಕೆರೆಯ ದಂಡೆಯಂಥ ಬಯಲಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗಿನ ಗಾಳಿಗೆ 8 ಗ್ರಾಂನ ಎಲೆ ನಿಲ್ಲುವುದಿಲ್ಲ. ನೋಡುಗರ ತಲೆಯ ಮೇಲೆ ತೂಗುವಾಗ ಕೃತಿಯ ತೂಕದ ಐದು ಪಟ್ಟು ತಡೆಯುವ ಕೊಂಡಿ ಮತ್ತು ಅದಕ್ಕೆ ಸಂಬಂಧವಿಲ್ಲದ ಎರಡನೆಯ ಉಕ್ಕಿನ ತಂತಿ ಇರಲೇಬೇಕು. 230 ವೋಲ್ಟಿನ ತಂತಿ ಬಟ್ಟೆಯ ಹತ್ತಿರ ಬರಕೂಡದು. 12 ವೋಲ್ಟಿನ ಪವರ್ ಸಪ್ಲೈ ಅನ್ನು ಗೋಡೆಯ ಪೆಟ್ಟಿಗೆಯಲ್ಲಿಟ್ಟು, ಆ ಸಾಲಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದ ಕೂಡಲೇ ಸಾಲನ್ನು ಕಡಿಯುವ ಸ್ವಿಚ್ಚು) ಹಾಕಿಸಿ. ಬಳೆಗಳ ಬಳಿ ದಾರ ಸವೆಯುತ್ತದೆ, ತಿಂಗಳಿಗೊಮ್ಮೆ ಬೆರಳಾಡಿಸಿ ನೋಡಿ. ಎಳೆ ಎದ್ದಂತೆ ಕಂಡರೆ ಆ ಒಂದನ್ನಷ್ಟೇ ಬದಲಿಸದೆ ಹದಿನಾರನ್ನೂ ಬದಲಿಸಿ, ಏಕೆಂದರೆ ಹಳೆಯ ದಾರ ಮತ್ತು ಹೊಸ ದಾರದ ಹಿಗ್ಗು ಬೇರೆಯಾಗಿ ಎಲೆಗಳು ಸಾಲು ತಪ್ಪುತ್ತವೆ.