ಮೂರು ಚಾನೆಲ್ ವಿಮಾನದಲ್ಲೇ ಏಳು ಹುಡುಗರು ಕಲಿತರು: ನನ್ನ ಅನುಭವ

ಕಳೆದ ಜನವರಿಯಲ್ಲಿ ಏಳನೇ ಹುಡುಗ ರಿಮೋಟಿನಿಂದ ಹಾರಿಸುವ ಮಾದರಿ ವಿಮಾನವನ್ನು ತಾನೇ ಎತ್ತಿ, ಎರಡು ಸುತ್ತು ಹಾಕಿ, ಗದ್ದೆಗೆ ಮೆತ್ತಗೆ ಇಳಿಸಿದ. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ. ಕಲಿಯಲು ಬಂದವರು ಎಂಟು ಜನ. ಒಬ್ಬ ಅರ್ಧಕ್ಕೇ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ಉಳಿದ ಏಳೂ ಜನ ಕಲಿತರು. ರಿಮೋಟಿನ ಒಂದೊಂದು ಹಿಡಿತಕ್ಕೆ ಒಂದೊಂದು ಚಾನೆಲ್. ನಮ್ಮ ಮೂರು ಅಂದರೆ ಮೋಟಾರಿನ ವೇಗ, ಮೂಗಿನ ಏರಿಳಿತ, ಬಾಲದ ರಡ್ಡರಿನಿಂದ ತಿರುವು. ರೆಕ್ಕೆಯ ಹಿಂದಿನ ಅಂಚಿನಲ್ಲಿ ಆಡುತ್ತಾ ವಿಮಾನವನ್ನು ಓರೆ ಮಾಡುವ ಪಟ್ಟಿಗೆ ಏಲೆರಾನ್ ಅನ್ನುತ್ತಾರೆ, ಅದು ಸೇರಿದರೆ ನಾಲ್ಕು ಚಾನೆಲ್. "ಏಲೆರಾನ್ ಇಲ್ಲದ ವಿಮಾನದಲ್ಲಿ ಕಲಿತರೆ ಕೈ ಕೆಡುತ್ತೆ ಮಾರಾಯಾ" ಅಂತ ಮೂರು ವರ್ಷ ಕೇಳಿಸಿಕೊಂಡವನು ನಾನು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತೀರ್ಥಹಳ್ಳಿ ಹತ್ತಿರ ನನ್ನದು ಮೋಟಾರ್ ರಿವೈಂಡಿಂಗ್ ಕೆಲಸ. ಹಾರಿಸುವ ಜಾಗ ನಮ್ಮದೇ ಗದ್ದೆ. ಅಗಲ ನೂರು, ನೂರಿಪ್ಪತ್ತು ಮೀಟರ್ ಇರಬಹುದು. ಮೂರು ಕಡೆ ಅಡಿಕೆ ತೋಟ, ಒಂದು ಕಡೆ ಗುಡ್ಡ. ಬಯಲುಸೀಮೆಯವರ ಹಾಗೆ ದೂರ ಹೋಗಿ ನಿಧಾನಕ್ಕೆ ತಿರುಗಿಸಿಕೊಂಡು ಬರುತ್ತೇನೆ ಅಂದರೆ ಆಗಲ್ಲ. ಅಷ್ಟರಲ್ಲಿ ವಿಮಾನ ತೋಟದೊಳಗೆ ಇರುತ್ತದೆ. ಇಷ್ಟು ಸಣ್ಣ ವಿಷಯ ತಲೆಗೆ ಹೋಗಲು ನನಗೆ ಮೂವತ್ತೈದು ಸಾವಿರ ರೂಪಾಯಿಗಿಂತ ಜಾಸ್ತಿ ಖರ್ಚಾಯಿತು.

ಮೊದಲು ತಂದದ್ದು ಫೈಟರ್ ಥರದ, ರೆಕ್ಕೆ ಕೆಳಗಿರುವ ಫೋಮ್ ವಿಮಾನ. ಹುಡುಗರಿಗೆ ನೋಡಿದರೆ ಆಸೆ ಬರಲಿ ಅಂತ. ಬ್ಯಾಟರಿ ಎಲ್ಲ ಸೇರಿ ಹದಿನಾಲ್ಕು ಸಾವಿರ. ಎರಡನೇ ತಿರುವಿನಲ್ಲೇ ಬದುವಿಗೆ ಹೊಡೆಯಿತು. ಆಮೇಲೆ ತಂದದ್ದು ರೆಕ್ಕೆ ಮೇಲಿರುವ ನಾಲ್ಕು ಚಾನೆಲ್ ರೆಡಿಮೇಡ್ ಟ್ರೇನರ್, ಅಂದರೆ ಕಲಿಯುವವರ ವಿಮಾನ. ಅದು ನಿಜಕ್ಕೂ ಒಳ್ಳೆ ವಿಮಾನ, ಅದರ ಮೇಲೆ ನನಗೆ ದೂರಿಲ್ಲ. ಆದರೆ ಕೂಳೆಯಲ್ಲಿ ಅದರ ಚಕ್ರ ಸಿಕ್ಕಿಕೊಳ್ಳುತ್ತಿತ್ತು, ಪ್ರತಿ ಸಲ ಮೂಗು ಮುರಿಯುತ್ತಿತ್ತು. ರೆಕ್ಕೆಯ ಸ್ಪೇರ್ ಒಂದಕ್ಕೇ ಮೂರು ಸಾವಿರದ ಹತ್ತಿರ. ಅದು ಬರಲು ಮೂರು ವಾರ ಕಾದೆವು. ಅಷ್ಟರಲ್ಲಿ ಹುಡುಗರ ಉತ್ಸಾಹ ಇಳಿಯಿತು, ಮಳೆಯೂ ಶುರುವಾಯಿತು.

ಎರಡು ಮೀಟರ್ ರೆಕ್ಕೆಯ, ತೇಲಿಕೊಂಡು ಹೋಗುವ ಗ್ಲೈಡರ್ ಕೂಡ ನೋಡಿದೆ. ಎಲ್ಲರೂ ಅದು ಸುಲಭ ಅನ್ನುತ್ತಾರೆ. ಹಾರಿಸುವುದು ಸುಲಭವೇ, ಇಳಿಸುವುದೇ ಕಷ್ಟ. ನಮ್ಮ ಗದ್ದೆ ಮುಗಿದರೂ ಅದು ತೇಲುತ್ತಲೇ ಇರುತ್ತದೆ. ಎರಡು ಸಲ ಅಡಿಕೆ ಮರದ ತಲೆಯಲ್ಲಿ ಕೂತಿತು. ಮರ ಹತ್ತಿ ಇಳಿಸಿಕೊಟ್ಟ ಕೊನೆಗಾರನಿಗೆ ಒಂದು ಸಲಕ್ಕೆ ಐನೂರು ಕೊಟ್ಟೆ. ಈಗ ಪಕ್ಕದ ಮನೆಯವರು ಫೈಬರ್ ದೋಟಿ ತಂದಿದ್ದಾರೆ, ಆ ಖರ್ಚು ಉಳಿದಿದೆ.

ಆಮೇಲೆ ನಾನೇ ಮಾಡಲು ಹೊರಟೆ. ಚುನಾವಣೆ ಮುಗಿದ ಮೇಲೆ ಸಿಕ್ಕಿದ ಸನ್‌ಪ್ಯಾಕ್ (ಒಳಗೆ ಟೊಳ್ಳಿರುವ ಪ್ಲಾಸ್ಟಿಕ್) ಬೋರ್ಡುಗಳಿಂದ ಇಡೀ ವಿಮಾನ ಮಾಡಿದೆ. ತೂಕ ಒಂದೂ ಕಾಲು ಕೆಜಿ ದಾಟಿತು. ಗಟ್ಟಿ ಇತ್ತು, ಬಿದ್ದರೂ ಏನೂ ಆಗುತ್ತಿರಲಿಲ್ಲ. ಆದರೆ ವೇಗ ಇಲ್ಲದಿದ್ದರೆ ಗಾಳಿಯಲ್ಲಿ ನಿಲ್ಲುತ್ತಿರಲಿಲ್ಲ. ಹೊಸಬನಿಗೆ ಯೋಚಿಸಲು ಪುರುಸೊತ್ತೇ ಸಿಗುತ್ತಿರಲಿಲ್ಲ.

ಕೊನೆಗೆ ಗೆದ್ದದ್ದು ಸನ್‌ಪ್ಯಾಕ್, ಫೋಮ್ ಎರಡನ್ನೂ ಸೇರಿಸಿ ಮೂರು ಚಾನೆಲ್ ವಿಮಾನ ಮಾಡಿದಾಗ. ಒಡಲು ಮಾತ್ರ ಸನ್‌ಪ್ಯಾಕ್, ರೆಕ್ಕೆ ಮತ್ತು ಬಾಲ ಫೋಮ್ ಶೀಟ್. ರೆಕ್ಕೆ ಒಡಲಿನ ಮೇಲೆ, ಅದರ ಉದ್ದ ಒಂದು ಮೀಟರ್ ಮೂವತ್ತು ಸೆಂಟಿಮೀಟರ್, ಅಗಲ ಇಪ್ಪತ್ತೆರಡು ಸೆಂಟಿಮೀಟರ್, ತಳ ಚಪ್ಪಟೆ. ಎರಡೂ ತುದಿ ಆರೂವರೆ ಸೆಂಟಿಮೀಟರಿನಷ್ಟು ಮೇಲಕ್ಕೆ. ಬ್ಯಾಟರಿ ಸೇರಿ ಎಂಟುನೂರು ಗ್ರಾಂ ಆಸುಪಾಸು. ಮೋಟಾರ್ ಈ ಹವ್ಯಾಸದವರಿಗೆಲ್ಲ ಗೊತ್ತಿರುವ ಎ2212, ಸಾವಿರ ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ ಸಾವಿರ ಸುತ್ತು), 10x4.5 ಇಂಚಿನ ಪ್ರೊಪೆಲ್ಲರ್, 3ಎಸ್ (ಮೂರು ಸೆಲ್ಲಿನ) 2200 ಎಂಎಎಚ್ ಬ್ಯಾಟರಿ. ಏಳು ನಿಮಿಷಕ್ಕೆ ಟೈಮರ್ ಇಟ್ಟು ಇಳಿಸಿಬಿಡುತ್ತೇವೆ. ರೆಕ್ಕೆಯನ್ನೂ ಮೋಟಾರ್ ಹಲಗೆಯನ್ನೂ ರಬ್ಬರ್ ಬ್ಯಾಂಡಿನಿಂದಲೇ ಕಟ್ಟುವುದು. ಬಿದ್ದರೆ ಕಳಚಿಕೊಳ್ಳುತ್ತವೆ, ಮುರಿಯಲ್ಲ. ಈ ಮೋಟಾರಿನ ಶಾಫ್ಟ್ ಬೇಗ ಬಗ್ಗುತ್ತದೆ ಅಂತ ನಿಮಗೂ ಗೊತ್ತಲ್ವಾ? ಹಲಗೆ ಸಡಿಲ ಕಟ್ಟಿದ ಮೇಲೆ ಎರಡು ಹಂಗಾಮಿನಲ್ಲಿ ಬಗ್ಗಿದ್ದು ಎರಡೇ. ಎರಡನ್ನೂ ನಾನೇ ಬದಲಿಸಿದೆ.

ಒಡಲು, ರೆಕ್ಕೆ, ಅಂಟು ಎಲ್ಲ ಸೇರಿ ಐನೂರು ರೂಪಾಯಿ ಒಳಗೆ. ರಿಮೋಟ್ ಬಿಟ್ಟು ಉಳಿದ ಸಾಮಾನಿಗೆ ಮೂರೂವರೆ ಸಾವಿರ ಇಟ್ಟುಕೊಳ್ಳಿ. ಹೊಸ ರೆಕ್ಕೆ ಕತ್ತರಿಸಲು ನೂರಿಪ್ಪತ್ತು ರೂಪಾಯಿ, ಒಂದು ಸಂಜೆ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಮುರಿದರೆ ಬೈಗುಳ ಇಲ್ಲ ಅಂತ ಗೊತ್ತಾದ ದಿನದಿಂದ ಹುಡುಗರ ಕೈ ನಡುಗುವುದು ನಿಂತಿತು.

ರೆಕ್ಕೆಯ ಒಳಗೆ ಇಡುವ ಕಡ್ಡಿಗೆ ಕಾರ್ಬನ್ ಬೇಡ, ಬಲಿತ ಅಡಿಕೆ ದಬ್ಬೆಯ ಸೀಳು ಸಾಕು. ಚೆನ್ನಾಗಿ ಒಣಗಿಸಿ ತೆಳ್ಳಗೆ ಹೆರೆದರೆ ತೂಕವೂ ಜಾಸ್ತಿ ಆಗಲ್ಲ. ಅಡಿಕೆ ಹಾಳೆಯಲ್ಲಿ ಮೂಗು ಮಾಡಲು ಒಂದು ತಿಂಗಳು ಒದ್ದಾಡಿದೆ. ಬೆಳಗಿನ ಇಬ್ಬನಿಗೆ ಮೆತ್ತಗಾಗುತ್ತದೆ, ಮಧ್ಯಾಹ್ನದ ಬಿಸಿಲಿಗೆ ಸೊಟ್ಟಗಾಗುತ್ತದೆ. ಆ ಆಸೆ ಬಿಟ್ಟೆ. ಆದರೆ ಅದೇ ಹಾಳೆಯ ತುಂಡನ್ನು ಹೊಟ್ಟೆಯ ಕೆಳಗೆ ಅಂಟಿಸಿದರೆ ಕೂಳೆಯ ಮೇಲೆ ಚೆಂದ ಜಾರುತ್ತದೆ. ಚಕ್ರವೇ ಬೇಡವಾಯಿತು.

ಏಲೆರಾನ್ ವಿಚಾರಕ್ಕೆ ಬರುತ್ತೇನೆ. ಮೂರು ಚಾನೆಲ್ ವಿಮಾನದಲ್ಲಿ ರಡ್ಡರ್ ಸರ್ವೋವನ್ನು (ರಡ್ಡರ್ ಆಡಿಸುವ ಪುಟ್ಟ ಮೋಟಾರು) ರಿಸೀವರಿನ, ಅಂದರೆ ವಿಮಾನದೊಳಗೆ ರಿಮೋಟಿನ ಸಂಕೇತ ಹಿಡಿಯುವ ಪೆಟ್ಟಿಗೆಯ, ನಾಲ್ಕನೇ ಚಾನೆಲ್ಲಿಗೆ ಹಾಕಬೇಡಿ, ಅದು ಎಡಗೈಯದು. ಒಂದನೇದಕ್ಕೆ ಹಾಕಿ. ಆಗ ಮೋಡ್ 2ರಲ್ಲಿ (ಮೋಟಾರಿನ ವೇಗದ ಕಡ್ಡಿ ಎಡಗೈಗಿರುವ ರಿಮೋಟಿನಲ್ಲಿ) ತಿರುಗಿಸುವ ಕೆಲಸ ಬಲಗೈಗೇ ಬರುತ್ತದೆ. ಮುಂದೆ ಏಲೆರಾನ್ ಬಂದಾಗಲೂ ಅದೇ ಹೆಬ್ಬೆರಳು, ರಿಮೋಟಿನ ಅದೇ ಕಡ್ಡಿ. ಕೈ ಕೆಡುವ ಪ್ರಶ್ನೆ ಎಲ್ಲಿಂದ ಬಂತು?

ಕಲಿಸುವಾಗ ಎರಡು ಫ್ಲೈಸ್ಕೈ ಐ6 ರಿಮೋಟುಗಳನ್ನು ಟ್ರೇನರ್ ಕೇಬಲ್‌ನಿಂದ ಜೋಡಿಸುತ್ತೇನೆ. ಮೊದಲ ಹತ್ತು ಹನ್ನೆರಡು ಹಾರಾಟ, ವಿಮಾನ ಯಾರ ರಿಮೋಟಿನ ಮಾತು ಕೇಳಬೇಕು ಅಂತ ಬದಲಿಸುವ ಸ್ವಿಚ್ ನನ್ನ ಕೈಲಿ. ನಾನೇ ಎಸೆದು, ತೆಂಗಿನ ಮರದ ಎರಡರಷ್ಟು ಎತ್ತರಕ್ಕೆ ಹತ್ತಿಸಿ, ಆಮೇಲೆ ಕೊಡುತ್ತೇನೆ. ಬರೀ ಸುತ್ತು ಹೊಡೆಸಬೇಡಿ, ಎಂಟರ ಆಕಾರ ಹೊಡೆಸಿ. ಸುತ್ತು ಮಾತ್ರ ಕಲಿತ ಮೊದಲ ಇಬ್ಬರಿಗೆ ಎಡಕ್ಕೆ ತಿರುಗಿಸುವುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ವಿಮಾನ ಎದುರಿಗೆ ಬರುವಾಗ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. ಯಾವ ರೆಕ್ಕೆ ಇಳಿಯಿತೋ ಆ ಕಡೆಗೇ ಕಡ್ಡಿ ದೂಡು, ಅಷ್ಟೇ ಹೇಳಿಕೊಡುತ್ತೇನೆ. ಬಿಳಿ ಫೋಮ್ ಮಂಜಿನಲ್ಲಿ ಕಾಣುವುದೇ ಇಲ್ಲ. ಮೇಲೆ ಕಿತ್ತಳೆ, ಕೆಳಗೆ ಕಪ್ಪು ಪಟ್ಟಿ ಅಂಟಿಸಿದ ಮೇಲೆ ಅರ್ಧ ಅಪಘಾತ ಕಡಿಮೆಯಾಯಿತು.

ಸಮಯ ಅಂದರೆ ಕೊಯ್ಲು ಮುಗಿದ ಮೇಲೆ, ಡಿಸೆಂಬರಿನಿಂದ ಮಾರ್ಚ್ ತನಕ. ಬೆಳಗ್ಗೆ ಮಂಜು ಎದ್ದ ಮೇಲೆ ಹತ್ತೂವರೆ ತನಕ, ಮತ್ತೆ ಸಂಜೆ ನಾಲ್ಕೂವರೆ ನಂತರ. ಮಳೆಗಾಲವಿಡೀ ಅದೇ ರಿಮೋಟನ್ನು ಕಂಪ್ಯೂಟರಿಗೆ ಜೋಡಿಸಿ ಸಿಮ್ಯುಲೇಟರ್. ಶಿವಮೊಗ್ಗ ಪೇಟೆಯವರು ಸೋಗಾನೆ ಕಡೆ ಹೋಗಲೇಬೇಡಿ. 2023ರ ಫೆಬ್ರವರಿಯಲ್ಲಿ ಅಲ್ಲಿ ವಿಮಾನ ನಿಲ್ದಾಣ ಉದ್ಘಾಟನೆ ಆಗಿದೆ. ಎಲ್ಲೇ ಹಾರಿಸಿದರೂ ಮೊದಲು ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿಕೊಳ್ಳಿ.

ವಿಮಾನ ನೇರ ಹೋಗಲಿ ಅಂತ ಮೋಟಾರನ್ನು ಎಷ್ಟು ಡಿಗ್ರಿ ಕೆಳಕ್ಕೆ, ಎಷ್ಟು ಬಲಕ್ಕೆ ಬಗ್ಗಿಸಿದ್ದೇನೆ ಅಂತ ಬರೆಯುವುದಿಲ್ಲ. ಅದಕ್ಕೆ ಒಂದು ವರ್ಷ ಹಿಡಿದಿದೆ. ಗದ್ದೆಗೆ ಬಂದು ಎರಡು ದಿನ ನನ್ನ ಜೊತೆ ನಿಂತವರಿಗೆ ತೋರಿಸುತ್ತೇನೆ.

ಏಳರಲ್ಲಿ ಐವರು ಈಗ ನಾಲ್ಕು ಚಾನೆಲ್‌ಗೆ ಹೋಗಿದ್ದಾರೆ. ಹೊಂದಿಕೊಳ್ಳಲು ತಗೊಂಡದ್ದು ತಲಾ ಎರಡು, ಮೂರು ಹಾರಾಟ. ಕೈ ಕೆಡುತ್ತೆ ಅಂದಿದ್ದ ಗೆಳೆಯ ಮೊನ್ನೆ ಫೋನ್ ಮಾಡಿ, ತನ್ನ ಅಕ್ಕನ ಮಗನನ್ನು ಕಳಿಸಲಾ ಅಂತ ಕೇಳಿದ. ಕೊಯ್ಲು ಆಗಲಿ, ಕಳಿಸು ಅಂದೆ. ಅವನಿಗೆ ಅಂತ ಎರಡು ರೆಕ್ಕೆ ಈಗಲೇ ಕತ್ತರಿಸಿ ಅಟ್ಟದ ಮೇಲೆ ಇಟ್ಟಿದ್ದೇನೆ.