ಬಿಟ್ಟ ಮೆಟ್ಟಿಲಿನಿಂದಲೇ ಶುರು: ನನ್ನ ನಲಿ-ಕಲಿ ತರಗತಿ

ನಮ್ಮ ತರಗತಿಗೆ ಹೊಸದಾಗಿ ಬಂದವರು ಬಾಗಿಲಲ್ಲೇ ನಿಂತು ಕೇಳುವುದು ಒಂದೇ ಪ್ರಶ್ನೆ: "ಇದರಲ್ಲಿ ಮೂರನೇ ಕ್ಲಾಸಿನವರು ಯಾರು ಮೇಡಂ?" ಬೆಂಚಿಲ್ಲ, ಸಾಲಿಲ್ಲ. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂತಿರುತ್ತಾರೆ. ಆರು ವರ್ಷದ ಹುಡುಗನ ಪಕ್ಕ ಎಂಟು ವರ್ಷದ ಹುಡುಗಿ ಕೂತಿರುವುದೂ ಉಂಟು. ತಲೆಯ ಮೇಲೆ ದಾರ ಎಳೆದು ಮಕ್ಕಳ ಚಿತ್ರಗಳನ್ನು ತೂಗುಹಾಕಿದ ಕಲಿಕಾ ಚಪ್ಪರ. ಗೋಡೆಯ ಉದ್ದಕ್ಕೂ, ಮಕ್ಕಳ ಕೈಗೆ ಎಟುಕುವಷ್ಟು ಎತ್ತರಕ್ಕೆ, ಕಪ್ಪು ಬಳಿದ ಗೋಡೆ ಹಲಗೆ. ಒಂದರಿಂದ ಮೂರನೇ ತರಗತಿಯವರೆಗೆ ಎಲ್ಲರೂ ಇದೇ ಕೋಣೆಯಲ್ಲಿ, ನನ್ನೊಬ್ಬಳ ಜೊತೆ. ಹೀಗೆ ಒಟ್ಟಿಗೆ ಕೂತ ಮಕ್ಕಳು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿಯ ಹೆಸರೇ ನಲಿ-ಕಲಿ. ನಾಲ್ಕು, ಐದನೇ ತರಗತಿಗಳನ್ನು ಪಕ್ಕದ ಕೋಣೆಯಲ್ಲಿ ಹೆಡ್‌ಮಾಸ್ಟ್ರು ನೋಡಿಕೊಳ್ಳುತ್ತಾರೆ. ನಮ್ಮದು ಇಬ್ಬರೇ ಶಿಕ್ಷಕರ ಕಿರಿಯ ಪ್ರಾಥಮಿಕ ಶಾಲೆ. ಪಾವಗಡ ಸೀಮೆ, ಆಂಧ್ರದ ಗಡಿ. ಬಹಳಷ್ಟು ಮಕ್ಕಳ ಮನೆಮಾತು ತೆಲುಗು.

ನಲಿ-ಕಲಿ ಎಲ್ಲಿಂದ ಬಂತು ಅನ್ನುವುದನ್ನು ಹೊಸ ಶಿಕ್ಷಕರಿಗೆ ನಾನು ತಪ್ಪದೆ ಹೇಳುತ್ತೇನೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಯುನಿಸೆಫ್ ನೆರವಿನಿಂದ 1995ರಲ್ಲಿ ತಮ್ಮ ಶಾಲೆಗಳಲ್ಲಿ ಶುರು ಮಾಡಿದರು. ಕಾರ್ಡುಗಳನ್ನು ಕೂತು ಬರೆದವರು ಅವರೇ, ತಮ್ಮ ಮಕ್ಕಳ ಮುಂದಿಟ್ಟು ತಿದ್ದಿದವರೂ ಅವರೇ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಮೇಲಿನಿಂದ ಆದೇಶವಾಗಿ ಬಂದದ್ದನ್ನು ಅನುಮಾನದಿಂದ ನೋಡುವುದು ನಮ್ಮ ವೃತ್ತಿಯಲ್ಲಿ ರೂಢಿ. ಆದರೆ ಇದು ಹುಟ್ಟಿದ್ದು ನಮ್ಮಂಥವರ ಕೈಯಲ್ಲೇ. ಅಷ್ಟು ಗೊತ್ತಿದ್ದರೆ ಕಾರ್ಡನ್ನು ಹಿಡಿಯುವ ರೀತಿಯೇ ಬೇರೆಯಾಗುತ್ತದೆ.

ಈ ಪದ್ಧತಿಯ ಜೀವ ಇರುವುದು ಕಲಿಕಾ ಏಣಿಯಲ್ಲಿ. ಕಲಿಯಬೇಕಾದದ್ದನ್ನೆಲ್ಲ ಸಣ್ಣ ಸಣ್ಣ ಮೆಟ್ಟಿಲು ಮಾಡಿ, ಒಂದಿಷ್ಟು ಮೆಟ್ಟಿಲಿಗೆ ಒಂದು ಮೈಲಿಗಲ್ಲು ಎಂದು ಗೋಡೆಗೆ ಅಂಟಿಸಿರುತ್ತೇವೆ. ಮಗು ಬೆಳಿಗ್ಗೆ ಬಂದು ಏಣಿ ನೋಡುತ್ತದೆ, ತನ್ನ ಮೆಟ್ಟಿಲಿನ ಲೋಗೋ ಇರುವ ಕಾರ್ಡು ಹುಡುಕಿಕೊಂಡು ಆ ಗುಂಪಿಗೆ ಹೋಗಿ ಕೂರುತ್ತದೆ. ಹೊರಗಿನವರಿಗೆ ಇದು ಆಟದ ಹಾಗೆ ಕಾಣಬಹುದು. ಇದರ ಬೆಲೆ ನಮಗೆ ತಿಳಿಯುವುದು ಕಡಲೇಕಾಯಿ ಕೀಳುವ ಕಾಲದಲ್ಲಿ.

ನಮ್ಮೂರಿನಲ್ಲಿ ಕಡಲೇಕಾಯಿ ಸುಗ್ಗಿ ಬಂದರೆ ಹಾಜರಿ ಇಳಿಯುತ್ತದೆ. ಅಪ್ಪ ಅಮ್ಮ ಹೊಲದಲ್ಲಿ, ದೊಡ್ಡ ಮಗು ಮನೆಯಲ್ಲಿ ಸಣ್ಣದನ್ನು ನೋಡಿಕೊಳ್ಳಲು. ಇನ್ನು ಕೆಲವು ಮನೆಯವರು ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗಿ ವಾರಗಟ್ಟಲೆ ಬರುವುದಿಲ್ಲ. ಪಾಠದ ಪುಸ್ತಕ ಹಿಡಿದು ಇಡೀ ತರಗತಿಗೆ ಒಟ್ಟಿಗೆ ಕಲಿಸಿದರೆ, ತಿಂಗಳು ಬಿಟ್ಟು ಬಂದ ಮಗುವಿಗೆ ಪಾಠ ಎಲ್ಲಿಗೋ ಹೋಗಿರುತ್ತದೆ. ಆ ಮಗು ಹಿಂದೆ ಕೂರುತ್ತದೆ, ಆಮೇಲೆ ಬರುವುದನ್ನೇ ನಿಲ್ಲಿಸುತ್ತದೆ. ಏಣಿ ಇರುವಲ್ಲಿ ಹಾಗಾಗಬೇಕಿಲ್ಲ. ಹೋದ ವರ್ಷ ಎರಡನೇ ತರಗತಿಯ ಹುಡುಗಿಯೊಬ್ಬಳು ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದಿದ್ದಳು. ಸುಗ್ಗಿ ಮುಗಿದ ಮೇಲೆ ಬಂದವಳು ಯಾರನ್ನೂ ಏನೂ ಕೇಳಲಿಲ್ಲ. ಏಣಿಯ ಮುಂದೆ ನಿಂತು ಬೆರಳಿಟ್ಟು ಹುಡುಕಿ, "ಮಿಸ್, ನಂದು ಇಲ್ಲೀಗಂಟ ಆಗಿತ್ತು" ಅಂದಳು. ಕಾರ್ಡು ತೆಗೆದುಕೊಂಡು ಕೂತಳು. ಅವಳ ವಾರಿಗೆಯವರು ಎರಡು ಮೈಲಿಗಲ್ಲು ಮುಂದಿದ್ದರು. ಅವಳ ಮುಖದಲ್ಲಿ ನಾಚಿಕೆ ಇರಲಿಲ್ಲ. ನಮ್ಮ ಶಾಲೆಗಳಲ್ಲಿ ಮಗುವಿಗೆ ಇದಕ್ಕಿಂತ ದೊಡ್ಡ ಗೌರವ ಕೊಡುವ ವ್ಯವಸ್ಥೆಯನ್ನು ನಾನು ಕಂಡಿಲ್ಲ.

ಆದರೆ ಏಣಿ ತಾನಾಗಿ ಏನೂ ಮಾಡುವುದಿಲ್ಲ. ಎಲ್ಲ ಮಕ್ಕಳೂ ಬೇರೆ ಬೇರೆ ಮೆಟ್ಟಿಲಲ್ಲಿದ್ದಾಗ ಶಿಕ್ಷಕಿ ಯಾರ ಹತ್ತಿರ ಕೂರಬೇಕು? ನಲಿ-ಕಲಿಯಲ್ಲಿ ಗುಂಪುಗಳನ್ನು ನಾವು ತಟ್ಟೆ ಅನ್ನುತ್ತೇವೆ. ಹೊಸದನ್ನು ಕಲಿಯುವವರು ಶಿಕ್ಷಕರ ಬೆಂಬಲದ ತಟ್ಟೆಯಲ್ಲಿ, ಅಭ್ಯಾಸ ಮಾಡುವವರು ಗೆಳೆಯರ ಬೆಂಬಲದ ತಟ್ಟೆಯಲ್ಲಿ, ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳುವವರು ಸ್ವಕಲಿಕೆಯಲ್ಲಿ. ನಾನು ಮೊದಲ ತಟ್ಟೆಯಲ್ಲಿ ನೆಮ್ಮದಿಯಾಗಿ ಕೂರಬೇಕಾದರೆ ಉಳಿದ ತಟ್ಟೆಗಳು ನನ್ನನ್ನು ಕರೆಯದೆ ನಡೆಯಬೇಕು. ಅದಕ್ಕಾಗಿ ಜೂನ್ ತಿಂಗಳನ್ನು ನಾನು ಅಕ್ಷರಕ್ಕೆ ಅವಸರ ಮಾಡದೆ, ಕೋಣೆಯ ರೀತಿ ಕಲಿಸಲು ಬಳಸುತ್ತೇನೆ. ಕಾರ್ಡು ಎಲ್ಲಿಂದ ತೆಗೆಯುವುದು, ಎಲ್ಲಿ ಇಡುವುದು, ಗೊತ್ತಾಗದಿದ್ದರೆ ಮೊದಲು ಪಕ್ಕದವರನ್ನು ಕೇಳುವುದು, ಅವರಿಗೂ ಗೊತ್ತಿಲ್ಲದಿದ್ದರೆ ಮೂರನೇ ತರಗತಿಯ ಅಕ್ಕನನ್ನೋ ಅಣ್ಣನನ್ನೋ ಕೇಳುವುದು, ಆಮೇಲೆ ನನ್ನ ಹತ್ತಿರ ಬರುವುದು. ಸಣ್ಣವರಿಗೆ ಹೇಳಿಕೊಡುವ ದೊಡ್ಡ ಮಕ್ಕಳಿಗೆ ಒಂದು ಮಾತು ಮಾತ್ರ ಖಡಾಖಂಡಿತ: ಉತ್ತರ ಹೇಳಬೇಡ, ಇನ್ನೊಮ್ಮೆ ಓದು ಅನ್ನು. ದಸರಾ ರಜೆಯ ಹೊತ್ತಿಗೆ ಕೋಣೆ ತಾನೇ ನಡೆಯುತ್ತದೆ. ಗಲಾಟೆ ಇರುತ್ತದೆ, ಇರಬೇಕು. ಕಿವಿ ಪಳಗಿದ ಮೇಲೆ ಕೆಲಸದ ಗಲಾಟೆ ಯಾವುದು, ಬಿಡುವಿನ ಗಲಾಟೆ ಯಾವುದು ಅಂತ ತಿರುಗಿ ನೋಡದೆಯೂ ಗೊತ್ತಾಗುತ್ತದೆ.

ಈಗ ನನ್ನ ನಿಜವಾದ ಕೆಲಸದ ಮಾತು. ನಲಿ-ಕಲಿಯಲ್ಲಿ ಕನ್ನಡ ಅಕ್ಷರ ವರ್ಣಮಾಲೆಯ ಸಾಲಿನಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಬರೆಯಲು ಸುಲಭವಾದದ್ದು ಮೊದಲು, ಆಕಾರದಲ್ಲಿ ಹತ್ತಿರದವು ಒಟ್ಟಿಗೆ. ಮೊದಲ ಐದು ಅಕ್ಷರ ಬಂದರೆ ಸಾಕು, ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಪದವನ್ನೇ ಓದುತ್ತದೆ. ಶಾಲೆಗೆ ಸೇರಿದ ಕೆಲವೇ ದಿನಗಳಲ್ಲಿ "ನಾನು ಓದಿದೆ" ಅನ್ನುವ ಸಂತೋಷ ಆ ಮಗುವಿನದಾಗುತ್ತದೆ.

ಪದ ಬಾಯಿಗೆ ಬಂದ ಮಾತ್ರಕ್ಕೆ ಓದು ಬಂತು ಅಂತ ನಾನು ಬರೆದುಕೊಳ್ಳುವುದಿಲ್ಲ. ಮಗುವಿನ ಪಕ್ಕ ನೆಲದ ಮೇಲೆ ಕೂತು, ಅದರ ಬೆರಳು ನೋಡುತ್ತಾ ಕೇಳಿಸಿಕೊಳ್ಳುತ್ತೇನೆ. ಕಾರ್ಡಿನಲ್ಲಿ "ಅರಸ" ಅಂತಿದೆ ಅನ್ನಿ. ಒಂದು ಮಗು "ರಾಜ" ಅನ್ನುತ್ತದೆ. ಅದು ಓದಿದ್ದು ಕಿರೀಟದ ಚಿತ್ರವನ್ನು. ಇನ್ನೊಂದು "ಅಗಸ" ಅನ್ನುತ್ತದೆ. ಅದರ ಕಣ್ಣು ಮೊದಲ ಅಕ್ಷರ, ಕೊನೆಯ ಅಕ್ಷರ ಮಾತ್ರ ನೋಡಿದೆ. ಮತ್ತೊಂದು "ಅ... ರ... ಸ..." ಅಂದು ಸುಮ್ಮನಾಗುತ್ತದೆ. ಅಕ್ಷರ ಮೂರೂ ಗೊತ್ತು, ಕೂಡಿಸಲು ಬರುತ್ತಿಲ್ಲ. ಅಂಕದ ಪಟ್ಟಿಯಲ್ಲಿ ಮೂವರಿಗೂ ಒಂದೇ ತಪ್ಪು ಗುರುತು. ಮಾಡಬೇಕಾದ ಕೆಲಸ ಮಾತ್ರ ಮೂರು ಬೇರೆ. ಮೊದಲನೆಯ ಮಗುವಿಗೆ ಚಿತ್ರದ ಮೇಲೆ ಅಂಗೈ ಮುಚ್ಚಿ ಓದಿಸುತ್ತೇನೆ. ಎರಡನೆಯದಕ್ಕೆ ಅರಸ, ಅಗಸ ಎರಡನ್ನೂ ಗೋಡೆ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ಎಲ್ಲಿ ಬೇರೆಯಾಯಿತು ತೋರಿಸು ಅನ್ನುತ್ತೇನೆ. ಮೂರನೆಯದರ ಜೊತೆ ದನಿ ಎಳೆದು, ಅಕ್ಷರಗಳ ನಡುವೆ ಉಸಿರು ಕಡಿಯದೆ ಹಾಡಿದ ಹಾಗೆ ಓದುತ್ತೇನೆ, ಬರಬರುತ್ತಾ ಬೇಗ ಬೇಗ. ಮಗು ತಡೆದು ನಿಂತಾಗ ನಾನು ಬಾಯಿ ಬಿಡುವುದಿಲ್ಲ. ಬೆರಳು ಹಿಂದೆ ಹೋಗಿ ಮತ್ತೆ ಮುಂದೆ ಬರುವುದನ್ನು ಕಾಯುತ್ತೇನೆ. ತರಬೇತಿಗಳಲ್ಲಿ ಎಷ್ಟೋ ವಿಷಯ ಹೇಳಿಕೊಡುತ್ತಾರೆ. ಈ ಕಾಯುವುದನ್ನೂ ಒಂದು ಇಡೀ ದಿನ ಹೇಳಿಕೊಡಬೇಕು ಅನ್ನುವುದು ನನ್ನ ಆಸೆ.

ದೊಡ್ಡ ಗೋಡೆ ಎದುರಾಗುವುದು ಗುಣಿತಾಕ್ಷರಕ್ಕೆ. ಕಾಗುಣಿತವನ್ನು ರಾಗವಾಗಿ, "ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ" ಎಂದು ಒಂದೇ ಉಸಿರಿಗೆ ಹೇಳುವ ಮಕ್ಕಳಿಗೆ "ಕಿವಿ" ಅಂತ ಬರೆದು ತೋರಿಸಿದರೆ ಓದಲು ಬರದಿರುವುದನ್ನು ನಮ್ಮಲ್ಲಿ ಯಾವ ಶಿಕ್ಷಕರು ನೋಡಿಲ್ಲ? ಬಾಯಿಪಾಠ ಬೇಡ ಅನ್ನುವವಳು ನಾನಲ್ಲ, ಮಕ್ಕಳು ಅದನ್ನು ಇಷ್ಟಪಟ್ಟು ಹೇಳುತ್ತಾರೆ. ಅದರ ಜೊತೆಗೆ ಜೋಡಿ ಪದ ಕೊಡುತ್ತೇನೆ: ಬಳೆ–ಬಾಳೆ, ಮರಿ–ಮಾರಿ, ಕೊಡು–ಕೋಡು. ಎರಡಕ್ಕೂ ಚಿತ್ರ ಬರೆಸುತ್ತೇನೆ. ಒಂದು ಇಳಿ ಬಿಟ್ಟರೆ ಬಾಳೆಹಣ್ಣು ಬಳೆಯಾಗುತ್ತದೆ ಅಂತ ಕಂಡ ಮಗು ಆ ಇಳಿಯನ್ನು ಇನ್ನು ಮರೆಯುವುದಿಲ್ಲ. ತೆಲುಗು ಮನೆಮಾತಿನ ಮಕ್ಕಳಿಗೂ ಇದು ಕಷ್ಟವಲ್ಲ, ಹ್ರಸ್ವ ದೀರ್ಘದ ಭೇದ ಅವರ ಕಿವಿಗೆ ಮೊದಲೇ ಗೊತ್ತು. ಅವರಿಗೆ ಬೇಕಾದದ್ದು ಓದುವ ಮೊದಲು ಧಾರಾಳವಾಗಿ ಕನ್ನಡ ಮಾತಾಡುವ ಅವಕಾಶ. ಇವತ್ತು ಬಿಸಿಲೋ ಮೋಡವೋ ಎಂದು ಮಕ್ಕಳು ಬೆಳಗಿನ ಹವಾಮಾನ ನಕ್ಷೆ ತುಂಬುವ ಹೊತ್ತನ್ನು ನಾನು ಅದಕ್ಕೇ ಮೀಸಲಿಡುತ್ತೇನೆ. ತೆಲುಗು ಪದ ಬಂದರೆ ಬರಲಿ, ಮಾತು ನಿಲ್ಲಬಾರದು.

ಊರಿನವರನ್ನು ಒಪ್ಪಿಸುವುದು ಬೇರೆಯೇ ಕೆಲಸ. ಮೊಮ್ಮಗನನ್ನು ಬಿಡಲು ಬಂದ ಅಜ್ಜಿಯೊಬ್ಬರು ಒಂದು ದಿನ ನೇರವಾಗಿಯೇ ಕೇಳಿದರು: "ಏನ್ ಮೇಡಮ್ಮೋರೆ, ನಮ್ ಹುಡ್ಗುಂಗೆ ಇನ್ನೂ ಅಆಇಈನೇ ಬರಾಕಿಲ್ಲ, ಬರೀ ಹಾಡು ಕುಣಿತ ಅಂತಾನೆ." ಅವರಿಗೆ ಪದ್ಧತಿಯ ವಿವರಣೆ ಕೊಡಲಿಲ್ಲ. "ಬನ್ನಿ ಅಜ್ಜಿ, ಕೂತ್ಕಳಿ" ಅಂದು, ಹುಡುಗನ ಕೈಗೆ ಅವನು ಹಿಂದೆ ನೋಡಿರದ ಪದಗಳ ಪಟ್ಟಿ ಕೊಟ್ಟೆ. ಅವನು ಒಂದೊಂದಾಗಿ ಓದಿದ. ಓದು ಬಾರದ ಆ ಅಜ್ಜಿ ಮೊಮ್ಮಗನ ಬೆರಳನ್ನೇ ನೋಡುತ್ತಾ ಕೂತಿದ್ದರು. ಅಂದಿನಿಂದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಇದ್ದಾಗಲೆಲ್ಲ ಮೊದಲು ಮಕ್ಕಳಿಂದ ಓದಿಸಿ, ಆಮೇಲೆ ಕಾಂಪೌಂಡು, ಶೌಚಾಲಯದ ಮಾತಿಗೆ ಬರುತ್ತೇವೆ. ಇಂಗ್ಲಿಷ್ ಬೇಕು ಅನ್ನುವ ತಂದೆತಾಯಿಯ ಆಸೆ ನ್ಯಾಯವಾದದ್ದು. 2019-20ರಲ್ಲಿ ಸರ್ಕಾರ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆದ ಮೇಲೆ ನಮ್ಮೂರಲ್ಲೂ ಆ ಕೇಳಿಕೆ ಜೋರಾಯಿತು. ನಾನು ಅವರಿಗೆ ಹೇಳುವುದಿಷ್ಟು: ಒಂದು ಭಾಷೆಯಲ್ಲಿ ಸರಾಗವಾಗಿ ಓದುವ ಮಗುವಿಗೆ ಎರಡನೆಯದು ಬೇಗ ಬರುತ್ತದೆ, ಆ ಒಂದನ್ನು ಮುಗಿಸಲು ನನಗೆ ಸಮಯ ಕೊಡಿ.

ಸಮಯ. ಶಾಲೆಯಲ್ಲಿ ಎಲ್ಲಕ್ಕಿಂತ ಕಮ್ಮಿ ಇರುವುದು ಅದೇ. ಬೆಳಿಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ, ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣು ಎಷ್ಟು ಅನ್ನುವ ಲೆಕ್ಕ. ಮಕ್ಕಳ ಹೊಟ್ಟೆಗೆ ಬೀಳುವ ಆ ಕೆಲಸವನ್ನು ನಾನು ಹೊರೆ ಅನ್ನಲಾರೆ. ಹಸಿದ ಮಗುವಿನ ಪಕ್ಕ ಕೂತು ಓದಿಸಲು ಯಾರಿಂದಲೂ ಆಗದು. ಹೊರೆ ಅನ್ನಿಸುವುದು ಮೊಬೈಲಿಗೆ ತರಗತಿ ನಡುವೆ ಬಂದು ಬೀಳುವ "ತುರ್ತು, ಈ ಕೂಡಲೇ ಮಾಹಿತಿ ಕಳುಹಿಸಿ" ಎಂಬ ಸಂದೇಶಗಳು. ಅದೇ ಮಾಹಿತಿ ಮಕ್ಕಳ ವಿವರ ದಾಖಲಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಆಗಲೇ ಇರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಶಿಕ್ಷಕರನ್ನು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶೈಕ್ಷಣಿಕವಲ್ಲದ ಕೆಲಸಕ್ಕೆ ಹಚ್ಚಬಾರದು ಅನ್ನುತ್ತದೆ. ಕಾಗದದ ಕೆಲಸ ಆ ಪಟ್ಟಿಗೆ ಸಿಗದೆ ನುಸುಳಿಕೊಂಡು ಬರುತ್ತದೆ. ಹೆಡ್‌ಮಾಸ್ಟ್ರು ಮತ್ತು ನಾನು ಮಾತಾಡಿ ಒಂದು ಕಟ್ಟುಪಾಡು ಮಾಡಿಕೊಂಡೆವು. ಬೆಳಗಿನ ಅವಧಿಗಳಲ್ಲಿ ಇಬ್ಬರ ಮೊಬೈಲೂ ಕಚೇರಿಯ ಬೀರುವಿನಲ್ಲಿ. ಮಾಹಿತಿಯೆಲ್ಲ ಮಕ್ಕಳು ಮನೆಗೆ ಹೋದ ಮೇಲೆ. ತಡವಾಯಿತು ಅಂತ ಬೈಸಿಕೊಂಡಿದ್ದೇವೆ. ಆದರೆ ಕಟ್ಟುಪಾಡು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಹಿಂದಿನ ಶಾಲೆಯಲ್ಲಿ ಭೇಟಿಗೆ ಬಂದ ಅಧಿಕಾರಿಯೊಬ್ಬರು ಬಾಗಿಲಲ್ಲೇ ನಿಂತು "ಏನಿದು ಸಂತೆ?" ಅಂದು, ಕಡತ ತರಿಸಿ, ಸಹಿ ಹಾಕಿ ಹೋದರು. ಯಾವ ಮಗುವನ್ನೂ ಓದಿಸಲಿಲ್ಲ. ಈಗ ಯಾರೇ ಬರಲಿ, ನಾನೇ ಮುಂದಾಗಿ "ಸರ್, ಇಲ್ಲಿ ಕೂತು ಒಂದು ಮಗುವಿನ ಓದು ಕೇಳಿ" ಅನ್ನುತ್ತೇನೆ. ಸುತ್ತಲಿನ ಶಾಲೆಗಳಿಗೆ ಭೇಟಿ ಕೊಟ್ಟು ಶಿಕ್ಷಕರಿಗೆ ನೆರವಾಗುವ ನಮ್ಮ ಈಗಿನ ಸಿಆರ್‌ಪಿ ನೆಲದ ಮೇಲೆಯೇ ಕೂರುತ್ತಾರೆ. ಅವರು ಬಂದ ದಿನ ಓದಿಸುವ ಕೈ ಎರಡಾಗುತ್ತದೆ.

ಮೂರನೇ ತರಗತಿ ಮುಗಿಸಿದ ಮಕ್ಕಳು ನಾಲ್ಕಕ್ಕೆ ಹೋದಾಗ ತಟ್ಟೆ, ಕಾರ್ಡು, ಏಣಿ ಒಮ್ಮೆಲೇ ಇಲ್ಲವಾಗಿ ಕೈಯಲ್ಲಿ ದಪ್ಪ ಪಠ್ಯಪುಸ್ತಕ ಉಳಿಯುತ್ತದೆ. ನಲಿ-ಕಲಿಯ ದುರ್ಬಲ ಜಾಗ ಇದೇ ಅನ್ನುವುದು ನನ್ನ ಅಭಿಪ್ರಾಯ. ಮೇಲಿನಿಂದ ಪರಿಹಾರ ಬರುವವರೆಗೆ ಕಾಯದೆ ನಾವು ನಮ್ಮ ಮಟ್ಟಿಗೆ ಒಂದು ವ್ಯವಸ್ಥೆ ಮಾಡಿದ್ದೇವೆ. ಜನವರಿಯಿಂದ ಮೂರನೇ ತರಗತಿಯ ಮಕ್ಕಳು ದಿನಕ್ಕೊಂದು ಅವಧಿ ಹೆಡ್‌ಮಾಸ್ಟ್ರ ಕೋಣೆಗೆ ಹೋಗಿ ನಾಲ್ಕನೆಯವರ ಜೊತೆ ಕೂತು ಪಾಠ ಓದುತ್ತಾರೆ. ಅದೇ ಅವಧಿಯಲ್ಲಿ, ನಾಲ್ಕನೇ ತರಗತಿಯಲ್ಲಿದ್ದೂ ಒತ್ತಕ್ಷರದಲ್ಲಿ ತಡವರಿಸುವವರು ನನ್ನ ಕೋಣೆಗೆ ಬಂದು ತಮಗೆ ಬೇಕಾದ ಕಾರ್ಡು ತೆಗೆದುಕೊಳ್ಳುತ್ತಾರೆ. ಸಣ್ಣವರ ಜೊತೆ ಕೂತರೆ ಅವರಿಗೆ ಅವಮಾನವಾದೀತು ಎಂಬ ಅಳುಕು ನಮಗಿತ್ತು. ಅದಕ್ಕೇ ಅವರಿಗೆ ಮೊದಲ ತರಗತಿಯವರ ಓದು ಕೇಳುವ ಕೆಲಸ ಒಪ್ಪಿಸಿದೆವು. "ಉತ್ತರ ಹೇಳಬೇಡ, ಇನ್ನೊಮ್ಮೆ ಓದು ಅನ್ನು" ಎಂಬ ನಿಯಮ ಅವರಿಗೆ ನಾನು ನೆನಪಿಸಬೇಕಾಗಿ ಬಂದಿಲ್ಲ.